ಗುಡ್ಡೆ ಹತ್ತಿ ಬಂದ ಮೇಲೆ ಬಣ್ಣ ಕಲಸಿ: ಘಟ್ಟದ ಸಾಲನ್ನು ಜಲವರ್ಣದಲ್ಲಿ ಬಿಡಿಸುವ ಬಗೆ

ಕೆಲವು ವರ್ಷಗಳ ಹಿಂದಿನ ಮಾತು. ಅಡಿಕೆ ಒಣಗಲು ಹಾಕಿದ್ದ ಅಂಗಳದ ಮೂಲೆಯಲ್ಲಿ ನನ್ನ ಒಂದು ಚಿತ್ರವನ್ನೂ ಒಣಗಲು ಇಟ್ಟಿದ್ದೆ. ಪೊಸಡಿ ಗುಂಪೆ ಗುಡ್ಡೆಯ ತುದಿಯಿಂದ ಕಾಣುವ ಘಟ್ಟದ ಸಾಲು. ಅಡಿಕೆ ಮಗುಚಲು ಬಂದ ಅಮ್ಮ ಒಂದು ಗಳಿಗೆ ನಿಂತು ನೋಡಿದರು. "ಇದೆಂತ ಮಗಾ, ಘಟ್ಟ ನಮ್ಮ ತೋಟದ ಆಚೆ ಬದಿಯಲ್ಲೇ ಉಂಟಲ್ಲ?" ಎಂದರು.

ಅಮ್ಮ ಹೇಳಿದ್ದು ಸರಿ. ಫೋನಿನ ಫೋಟೋ ನೋಡಿ ಬಿಡಿಸಿದ್ದೆ. ಐದು ಸಾಲು ಗುಡ್ಡೆಗಳಿಗೂ ಒಂದೇ ಗಾಢ ಹಸಿರು, ಒಂದೇ ಥರ ಗೆರೆ. ಆಕಾರ ತಪ್ಪಿರಲಿಲ್ಲ. ಆದರೆ ನನಗೂ ಆ ಗುಡ್ಡೆಗಳಿಗೂ ನಡುವೆ ಇದ್ದ ಗಾಳಿ ಚಿತ್ರದಲ್ಲಿ ಇರಲಿಲ್ಲ. ಆಮೇಲೆ ಫೋಟೋ ಬಿಟ್ಟು, ಗುಡ್ಡೆಯ ಮೇಲೆಯೇ ಕೂತು ನೋಡಿ, ಬರೆದಿಟ್ಟುಕೊಂಡು, ಮನೆಗೆ ಬಂದು ಬಿಡಿಸಲು ಶುರು ಮಾಡಿದೆ. ಆ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಜಲವರ್ಣವನ್ನೇ ಹಿಡಿದುಕೊಂಡಿದ್ದೇನೆ, ಯಾಕೆಂದರೆ ಮಂಜು, ಮಳೆ, ತೆಳು ನೀಲಿ ಗುಡ್ಡೆಗಳಿಗೆ ಅದರಷ್ಟು ಹೊಂದುವ ಬಣ್ಣ ನನಗೆ ಬೇರೆ ಸಿಕ್ಕಿಲ್ಲ.

ಎಲ್ಲಿಗೆ, ಯಾವ ಹೊತ್ತಿಗೆ

ಕಾಸರಗೋಡಿನ ನಮಗೆ ಹತ್ತಿರದ್ದು ಪೊಸಡಿ ಗುಂಪೆ. ಬಂದ್ಯೋಡಿನಿಂದ ಪೆರ್ಮುದೆ ದಾಟಿ ಧರ್ಮತ್ತಡ್ಕಕ್ಕೆ ಹೋದರೆ ಅಲ್ಲಿಂದ ದೂರವಿಲ್ಲ. ಎತ್ತರ ಸುಮಾರು 1060 ಅಡಿ ಅಷ್ಟೆ. ಆದರೂ ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಘಟ್ಟ, ಗಾಳಿ ತಿಳಿಯಾಗಿರುವ ದಿನ ಬಡಗು ದಿಕ್ಕಿನಲ್ಲಿ ಕುದುರೆಮುಖದ ಸಾಲು, ಎಲ್ಲವೂ ಒಂದೇ ಜಾಗದಿಂದ ಕಾಣುತ್ತದೆ. ಚಿತ್ರ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ನಮ್ಮ ಜಿಲ್ಲೆಯಲ್ಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಒಂದೇ ನೋಟದಲ್ಲಿ 500 ಮೀಟರ್ ಆಚೆಯ ಗೇರು ಮರವೂ 50 ಕಿಲೋಮೀಟರ್ ಆಚೆಯ ಬೆಟ್ಟವೂ ಸಿಗುತ್ತವೆ.

ಜಾಸ್ತಿ ಎತ್ತರ ಬೇಕು ಅನ್ನುವವರು ಹೊಸದುರ್ಗದಿಂದ (ಕಾಞಂಗಾಡ್) ಪಾಣತ್ತೂರು ಕಡೆಗೆ ಹೋಗಿ ರಾಣಿಪುರಂ ಹತ್ತಬಹುದು. ಸುಮಾರು 750 ಮೀಟರ್ ಎತ್ತರ. ಶೋಲಾ ಕಾಡು, ನಡುವೆ ಬೋಳು ಹುಲ್ಲುಗಾವಲು. ಅಲ್ಲಿ ಅರಣ್ಯ ಇಲಾಖೆಯ ಟಿಕೆಟ್ ತೆಗೆದುಕೊಂಡು ಹತ್ತಬೇಕು, ಕೆಲವೊಮ್ಮೆ ಹತ್ತಲು ಬಿಡುವುದಿಲ್ಲ. ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಿ ಜಿಗಣೆ ಇರುತ್ತದೆ, ನೆಲದ ಮೇಲೆ ಕೂತು ಚಿತ್ರ ಬಿಡಿಸುವುದಕ್ಕೆ ಆಗುವುದೇ ಇಲ್ಲ.

ಈಗ ಹೊತ್ತಿನ ವಿಷಯ. ನಮ್ಮೂರಿನ ಒಂದು ವಿಶೇಷ ಇದೆ. ಸೂರ್ಯ ಘಟ್ಟದ ಹಿಂದಿನಿಂದ ಮೇಲೆ ಬಂದು ಸಮುದ್ರದಲ್ಲಿ ಮುಳುಗುತ್ತಾನೆ. ಹಾಗಾಗಿ ಬೆಳಿಗ್ಗೆ ಮೂಡಣಕ್ಕೆ ನೋಡಿದರೆ ಬೆಳಕು ಗುಡ್ಡೆಗಳ ಬೆನ್ನಿಗೆ ಇರುತ್ತದೆ. ಮರ, ಕಣಿವೆ, ಬಂಡೆ ಯಾವುದೂ ಕಾಣದೆ ಪ್ರತಿ ಸಾಲೂ ಕತ್ತರಿಸಿ ಇಟ್ಟ ಕಾಗದದ ಹಾಗೆ ಚಪ್ಪಟೆಯಾಗಿ ತೋರುತ್ತದೆ. ಸಂಜೆ ನಾಲ್ಕೂವರೆಯ ಮೇಲೆ ಅದೇ ಗುಡ್ಡೆಗಳ ಮುಖಕ್ಕೆ ನೇರ ಬೆಳಕು ಬೀಳುತ್ತದೆ. ಆಗ ಒಂದೊಂದು ಮಡಿಕೆಯೂ ಎದ್ದು ಬರುತ್ತದೆ, ಬಣ್ಣ ಬೆಚ್ಚಗಾಗುತ್ತದೆ. ಹೊಸಬರು ಬೆಳಗ್ಗಿನ ಘಟ್ಟದಿಂದ ಶುರು ಮಾಡಿ. ಐದು ಚಪ್ಪಟೆ ಪದರ ಬಿಡಿಸಲು ಬಂದರೆ ಅರ್ಧ ಕೆಲಸ ಬಂದ ಹಾಗೆ. ನಡು ಮಧ್ಯಾಹ್ನ ಮಾತ್ರ ಬೇಡ, ನೆರಳೇ ಇರುವುದಿಲ್ಲ.

ಮೊದಲ ಅರ್ಧ ಗಂಟೆ ಸುಮ್ನೆ ನೋಡಿ

ತುದಿ ಮುಟ್ಟಿದ ಕೂಡಲೇ ಪೆನ್ಸಿಲ್ ತೆಗೆಯಬೇಡಿ. ಫೋನನ್ನೂ ತೆಗೆಯಬೇಡಿ. ಕುಳಿತು ನೀರು ಕುಡಿಯಿರಿ, ಬೆವರು ಆರಲಿ. ಕಣ್ಣಿಗೆ ಆ ಜಾಗದ ಬೆಳಕು ಒಗ್ಗಿಕೊಳ್ಳಲು ಸಮಯ ಬೇಕು.

ಆಮೇಲೆ ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಚಿಕ್ಕ ವಿವರಗಳೆಲ್ಲ ಮಾಯವಾಗಿ ತೆಳು, ನಡು, ಗಾಢ ಅಂತ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಎಷ್ಟು ಸಾಲು ಗುಡ್ಡೆ ಇದೆ ಎಣಿಸಿ. ಅತಿ ದೂರದ ಸಾಲು ಆಕಾಶಕ್ಕಿಂತ ಎಷ್ಟು ಗಾಢವಾಗಿದೆ? ತುಂಬಾ ಸಲ ಒಂದೇ ಒಂದು ಚೂರು. ಅದನ್ನು ನಂಬಲು ಕಷ್ಟ, ಯಾಕೆಂದರೆ ಬೆಟ್ಟ ಅಂದರೆ ಗಟ್ಟಿ, ಭಾರ ಅಂತ ನಮ್ಮ ತಲೆಯಲ್ಲಿ ಕೂತಿದೆ. ಕಣ್ಣಿಗೆ ಕಂಡದ್ದನ್ನೇ ನಂಬಿ.

ದೂರದ ಗುಡ್ಡೆ ಯಾಕೆ ನೀಲಿ ಅಂತ ಗೊತ್ತಿದ್ದರೆ ಬಣ್ಣ ಕಲಸುವಾಗ ಉಪಯೋಗಕ್ಕೆ ಬರುತ್ತದೆ. ನಡುವಿನ ಗಾಳಿಯ ಅಣುಗಳು ಬಿಸಿಲಿನ ನೀಲಿ ಭಾಗವನ್ನು ಉಳಿದ ಬಣ್ಣಗಳಿಗಿಂತ ಜಾಸ್ತಿ ಚದುರಿಸುತ್ತವೆ. ದೂರ ಹೆಚ್ಚಿದಷ್ಟೂ ಆ ಚದುರಿದ ನೀಲಿ ಗುಡ್ಡೆಯ ಸ್ವಂತ ಬಣ್ಣದ ಮೇಲೆ ಪರದೆಯ ಹಾಗೆ ಬೀಳುತ್ತದೆ. ಆದರೆ ಗಾಳಿಯಲ್ಲಿ ನೀರಿನ ಹನಿ, ಧೂಳು ತುಂಬಿದ್ದರೆ ಕಥೆ ಬೇರೆ. ಅಣುವಿಗಿಂತ ಎಷ್ಟೋ ದೊಡ್ಡದಾದ ಹನಿಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತವೆ, ಆಗ ಪರದೆ ಬಿಳಿಯಾಗುತ್ತದೆ. ಕರಾವಳಿಯ ನಮ್ಮ ಗಾಳಿಯಲ್ಲಿ ತೇವ ಯಾವಾಗಲೂ ಜಾಸ್ತಿ. ಅದಕ್ಕೇ ನಮ್ಮ ಘಟ್ಟ ಹೆಚ್ಚು ದಿನ ಅಚ್ಚ ನೀಲಿ ಇರುವುದಿಲ್ಲ, ಹಾಲು ಬೆರೆಸಿದ ಬೂದು ನೀಲಿ ಇರುತ್ತದೆ. ಒಳ್ಳೆಯ ಮಳೆ ಹೊಡೆದು ನಿಂತ ಮರುದಿನ ಹೋಗಿ ನೋಡಿ. ಧೂಳೆಲ್ಲ ತೊಳೆದು ಹೋಗಿ ಅದೇ ಘಟ್ಟ ಕಡು ನೀಲಿಯಾಗಿ ಹತ್ತಿರ ಬಂದು ನಿಂತಿರುತ್ತದೆ. ಹಿಮಾಲಯದ ಚಿತ್ರ ನೋಡಿ ಅದರ ನೀಲಿಯನ್ನೇ ನಮ್ಮ ಗುಡ್ಡೆಗೆ ಹಚ್ಚಿದರೆ ಊರಿನವರಿಗೆ ಅದು ಸುಳ್ಳು ಅಂತ ಕೂಡಲೇ ತಿಳಿಯುತ್ತದೆ.

ಪುಟ್ಟ ಚಿತ್ರ, ಉದ್ದ ಟಿಪ್ಪಣಿ

ಈಗ ಪುಸ್ತಕ ತೆಗೆಯಿರಿ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಚೌಕ ಎಳೆಯಿರಿ. ಅದರೊಳಗೆ 2ಬಿ ಪೆನ್ಸಿಲಿನಿಂದ ಮೂರೇ ಟೋನ್ ಬಳಸಿ ನೋಟವನ್ನು ತುಂಬಿಸಿ: ಕಾಗದದ ಬಿಳಿ, ಬೂದು, ಕಪ್ಪು. ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಹೀಗೆ ಮೂರು ನಾಲ್ಕು ಚೌಕ ಮಾಡಿ, ಒಂದೊಂದರಲ್ಲಿ ಆಕಾಶ ಮತ್ತು ಗುಡ್ಡೆಯ ಪಾಲು ಬದಲಿಸಿ. ಆಕಾಶ ಮುಕ್ಕಾಲು ಇದ್ದರೆ ಗುಡ್ಡೆ ದೂರ ಹೋಗುತ್ತದೆ, ಗುಡ್ಡೆ ಮುಕ್ಕಾಲು ಇದ್ದರೆ ಮೈಮೇಲೆ ಬರುತ್ತದೆ. ಅರ್ಧ ಅರ್ಧ ಮಾತ್ರ ಮಾಡಬೇಡಿ, ಚಿತ್ರ ಎರಡು ತುಂಡಾಗಿ ಕಾಣುತ್ತದೆ.

ಜಾಗ ಆರಿಸುವಾಗ ನನಗೆ ತುಂಬಾ ಸಹಾಯವಾದದ್ದು 11ನೇ ಶತಮಾನದ ಚೀನಾದ ಚಿತ್ರಕಾರ ಗುವೋ ಶಿ ಹೇಳಿದ ಮಾತು. ಬೆಟ್ಟಕ್ಕೆ ಮೂರು ಥರದ ದೂರ ಇದೆ ಅಂತ ಆತ ಹೇಳುತ್ತಾನೆ. ಬುಡದಿಂದ ತುದಿಯನ್ನು ನೋಡುವುದು ಎತ್ತರದ ದೂರ. ಎದುರಿನ ಗುಡ್ಡೆಯ ಮೇಲಿನಿಂದ ಹಿಂದಿನ ಸಾಲುಗಳೊಳಗೆ ಇಣುಕುವುದು ಆಳದ ದೂರ. ಹತ್ತಿರದ ಗುಡ್ಡೆಯಿಂದ ದೂರದ ಗುಡ್ಡೆಗೆ ನೇರ ನೋಡುವುದು ಸಮತಟ್ಟಿನ ದೂರ. ಪೊಸಡಿ ಗುಂಪೆಯನ್ನು ಹತ್ತಲು ಶುರು ಮಾಡುವ ಜಾಗದಲ್ಲಿ ಮೊದಲನೆಯದು ಸಿಗುತ್ತದೆ, ತುದಿಯಲ್ಲಿ ಉಳಿದ ಎರಡೂ ಸಿಗುತ್ತವೆ. ಯಾವುದು ಬೇಕು ಅಂತ ಮೊದಲೇ ತೀರ್ಮಾನಿಸಿ. ಮೂರನ್ನೂ ಒಂದೇ ಹಾಳೆಗೆ ತುರುಕಬೇಡಿ.

ಚೌಕದ ಪಕ್ಕದಲ್ಲಿ ಬಣ್ಣದ ಟಿಪ್ಪಣಿ ಬರೆಯಿರಿ. "ನೀಲಿ", "ಹಸಿರು" ಅಂತ ಬರೆದರೆ ಮನೆಗೆ ಬಂದ ಮೇಲೆ ಪ್ರಯೋಜನವಿಲ್ಲ. ಗೊತ್ತಿರುವ ವಸ್ತುವಿಗೆ ಹೋಲಿಸಿ ಬರೆಯಿರಿ. ನನ್ನ ಪುಸ್ತಕದ ಒಂದು ಪುಟದಲ್ಲಿ ಹೀಗಿದೆ: "5ನೇ ಸಾಲು, ಅಕ್ಕಿ ತೊಳೆದ ನೀರು, ಚೂರು ನೀಲಿ. 4ನೇ ಸಾಲು, ಒಗೆದು ಮಾಸಿದ ನೀಲಿ ಲುಂಗಿ. 3ನೇ ಸಾಲಿನ ಬುಡ ಕಾಣುವುದಿಲ್ಲ, ಮಂಜು. 2ನೇ ಸಾಲು, ಹಳೆ ವೀಳ್ಯದೆಲೆ. ಕಾಲಬುಡದ ಮುಳಿ ಹುಲ್ಲು, ಬೆಲ್ಲದ ಬಣ್ಣ, ತುದಿ ಬಿಳಿ. ಗಾಳಿ ಕಡಲಿನಿಂದ." ಇಷ್ಟು ಇದ್ದರೆ ಆರು ತಿಂಗಳು ಕಳೆದರೂ ಆ ಬೆಳಗು ವಾಪಸ್ ಬರುತ್ತದೆ. ಎಲ್ಲ ಮುಗಿದ ಮೇಲೆ ಬೇಕಾದರೆ ಎರಡು ಫೋಟೋ ತೆಗೆಯಿರಿ, ಆಕಾರ ನೋಡಲು ಮಾತ್ರ. ಫೋನ್ ದೂರದ ಗುಡ್ಡೆಯನ್ನು ತಾನಾಗಿ ಗಾಢ ಮಾಡಿ ತೋರಿಸುವುದುಂಟು.

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ಚಿತ್ರ ಅಲ್ಲಿಗೇ ನಿಲ್ಲಿಸಿ ಇಳಿಯಿರಿ. ಬೋಳು ಗುಡ್ಡೆಯ ಮೇಲೆ ನಾವೇ ಎತ್ತರದ ವಸ್ತು.

ಸಾಮಾನು

ಕಾಗದದಲ್ಲಿ ಜಿಪುಣತನ ಬೇಡ, ಬಣ್ಣದಲ್ಲಿ ಮಾಡಬಹುದು. 300 ಜಿಎಸ್‌ಎಂ ದಪ್ಪದ, ಹತ್ತಿಯಿಂದ ಮಾಡಿದ, ಸ್ವಲ್ಪ ತರಿತರಿ ಇರುವ ಕೋಲ್ಡ್ ಪ್ರೆಸ್ ಕಾಗದ ತೆಗೆದುಕೊಳ್ಳಿ. ತೆಳು ಕಾಗದ ನೀರು ಬಿದ್ದ ಕೂಡಲೇ ಹಪ್ಪಳದ ಹಾಗೆ ಏಳುತ್ತದೆ. ಬ್ರಷ್ ಮೂರು ಸಾಕು: ಒಂದು ಇಂಚಿನ ಚಪ್ಪಟೆ, 10 ಅಥವಾ 12 ನಂಬರಿನ ದುಂಡು, ಹುಲ್ಲಿಗೆ ಒಂದು ಉದ್ದ ಕೂದಲಿನ ರಿಗ್ಗರ್.

ಬಣ್ಣ ಆರು: ಅಲ್ಟ್ರಾಮರೀನ್ (ಕಡು ನೀಲಿ), ಸೆರೂಲಿಯನ್ (ಆಕಾಶ ನೀಲಿ), ಅಲಿಜರಿನ್ ಕ್ರಿಮ್ಸನ್ (ಕಡು ಕೆಂಪು), ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನಾ (ಕೆಂಪು ಕಂದು). ಕ್ಯಾಮಲ್‌ನ ಟ್ಯೂಬ್‌ಗಳಲ್ಲಿ ಶುರು ಮಾಡಿದರೂ ಏನೂ ತೊಂದರೆ ಇಲ್ಲ. ಟ್ಯೂಬಿನ ಹಸಿರು ಬೇಡ, ಕಪ್ಪು ಬೇಡ. ಕಪ್ಪಿನ ಬದಲು ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನಾ ಬೆರೆಸಿ. ನೀಲಿ ಜಾಸ್ತಿಯಾದರೆ ಮಳೆಮೋಡದ ಬೂದು, ಕಂದು ಜಾಸ್ತಿಯಾದರೆ ಒದ್ದೆ ಮಣ್ಣು. ನಮ್ಮ ಗುಡ್ಡೆಗೆ ಬೇಕಾದ ಬೂದುಗಳೆಲ್ಲ ಈ ಎರಡರಲ್ಲೇ ಇವೆ.

ಬರ್ನ್ಟ್ ಸಿಯೆನಾ ಅಂದರೆ ಕಬ್ಬಿಣದ ಅಂಶ ಇರುವ ಮಣ್ಣನ್ನು ಸುಟ್ಟು ಮಾಡುವ ಬಣ್ಣ. ನಮ್ಮ ಮುರಕಲ್ಲಿನ ಕೆಂಪಿಗೂ ಕಾರಣ ಕಬ್ಬಿಣವೇ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಮಲಬಾರಿನ ಅಂಗಾಡಿಪುರಂನ ಇಂಥದ್ದೇ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಲೇಟರ್ ಅನ್ನುತ್ತಾರೆ. ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು, ನಮ್ಮ ಮನೆಗಳ ಗೋಡೆಯೆಲ್ಲ ಅದೇ ತಾನೆ. ಹಾಗಂತ ಗುಡ್ಡೆಯ ಮೇಲಿನ ಪಾರೆಗೆಲ್ಲ, ಅಂದರೆ ಬಯಲು ಬಂಡೆಗೆಲ್ಲ, ಕೆಂಪು ಬಳಿಯಬೇಡಿ. ಹೋಗಿ ಹತ್ತಿರದಿಂದ ನೋಡಿ. ಹೊಸದಾಗಿ ಕಡಿದ ಕಣಿಯ ಗೋಡೆ ಮಾತ್ರ ಕೆಂಪು. ವರ್ಷಗಟ್ಟಲೆ ಮಳೆ ಬಿಸಿಲು ತಿಂದ ಪಾರೆ ಹೆಚ್ಚುಕಡಿಮೆ ಕಪ್ಪು. ಅದರ ತೂತುಗಳಲ್ಲಿ ಮಾತ್ರ ಅಲ್ಲಲ್ಲಿ ತುಕ್ಕಿನ ಬಣ್ಣ ಇಣುಕುತ್ತದೆ.

ಬಿಡಿಸುವುದು

ಕಾಗದವನ್ನು ಹಲಗೆಗೆ ನಾಲ್ಕೂ ಬದಿ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ. ಹಲಗೆಯ ಮೇಲ್ತುದಿಗೆ ಒಂದು ಪುಸ್ತಕ ಕೊಟ್ಟು ಸ್ವಲ್ಪ ಓರೆ ಮಾಡಿ, ಬಣ್ಣ ಕೆಳಗೆ ಹರಿಯಬೇಕು. ಎರಡು ಪಾತ್ರೆ ನೀರು ಇಡಿ: ಒಂದು ಬ್ರಷ್ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಪುಟ್ಟ ಚೌಕವನ್ನು ನೋಡಿಕೊಂಡು ಗುಡ್ಡೆಗಳ ಗೆರೆಯನ್ನು ಬಹಳ ತೆಳುವಾಗಿ ಎಳೆಯಿರಿ.

ಆಕಾಶ ಮೊದಲು. ಚಪ್ಪಟೆ ಬ್ರಷ್‌ನಿಂದ ಇಡೀ ಹಾಳೆಗೆ ಶುದ್ಧ ನೀರು ಬಳಿಯಿರಿ. ಒದ್ದೆ ಇರುವಾಗಲೇ ಮೇಲಿನಿಂದ ತೆಳು ಸೆರೂಲಿಯನ್ ಶುರು ಮಾಡಿ, ಕೆಳಗೆ ಬರುತ್ತಾ ನೀರು ಹೆಚ್ಚಿಸಿ. ಗುಡ್ಡೆಯ ಹತ್ತಿರ ಒಂದು ಚೂರು ಓಕರ್ ಸೇರಿಸಿ. ಗುಡ್ಡೆ ಬರುವ ಜಾಗದ ಮೇಲೂ ಈ ಬಣ್ಣ ಹರಿದು ಹೋಗಲಿ. ಅಡಿಯಲ್ಲಿ ಒಂದೇ ಬೆಳಕು ಇದ್ದರೆ ಆಮೇಲಿನ ಪದರಗಳೆಲ್ಲ ಒಂದೇ ಗಾಳಿಯಲ್ಲಿ ನಿಲ್ಲುತ್ತವೆ.

ಇನ್ನು ಕಾಯುವುದು. ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ. ಹಾಳೆಯ ಹೊಳಪು ಹೋದರೆ ಒಣಗಿತು ಅಂತಲ್ಲ. ಅಂಗೈ ತಿರುಗಿಸಿ ಬೆರಳಿನ ಹಿಂಬದಿಯನ್ನು ಹಾಳೆಗೆ ಮೆಲ್ಲ ತಾಗಿಸಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ. ಆ ಹೊತ್ತಿಗೆ ಮತ್ತೆ ಬಣ್ಣ ಇಟ್ಟರೆ ಹೂಕೋಸಿನ ಹಾಗೆ ಅಂಚು ಒಡೆದ ಕಲೆ ಬೀಳುತ್ತದೆ. ಮಾರ್ಚ್‌ನ ಮಧ್ಯಾಹ್ನ ಅಂಗಳದಲ್ಲಿ ಬೇಗ ಒಣಗುವ ಪದರ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ಗಂಟೆಯಾದರೂ ತಣ್ಣಗೆ ಇರುತ್ತದೆ. ಹೇರ್ ಡ್ರೈಯರ್ ಬಳಸುವುದಾದರೆ ಹೊಳಪು ಹೋದ ಮೇಲೆ, ಒಂದು ಮೊಳ ದೂರದಿಂದ. ಮೊದಲೇ ಹಿಡಿದರೆ ಗಾಳಿ ಬಣ್ಣವನ್ನು ತಳ್ಳಿಕೊಂಡು ಹೋಗುತ್ತದೆ.

ಅತಿ ದೂರದ ಸಾಲಿಗೆ ಅಲ್ಟ್ರಾಮರೀನ್, ಅದಕ್ಕೆ ಕ್ರಿಮ್ಸನ್‌ನ ಒಂದು ಹನಿ, ಸಿಯೆನಾದ ಒಂದು ಹನಿ, ತುಂಬಾ ನೀರು. ಬೇರೆ ತುಂಡು ಕಾಗದದ ಮೇಲೆ ಹಚ್ಚಿ ಒಣಗಿಸಿ ನೋಡಿ. ಜಲವರ್ಣ ಒಣಗಿದಾಗ ತೆಳುವಾಗುತ್ತದೆ. ಹಾಗಾಗಿ ಒದ್ದೆ ಇರುವಾಗ ಒಂದು ಚೂರು ಜಾಸ್ತಿ ಅನಿಸಬೇಕು. ದುಂಡು ಬ್ರಷ್ ತುಂಬ ಬಣ್ಣ ತೆಗೆದು ಗುಡ್ಡೆಯ ಮೇಲಂಚನ್ನು ಎಡದಿಂದ ಬಲಕ್ಕೆ ಒಂದೇ ಓಟದಲ್ಲಿ ಎಳೆಯಿರಿ. ಕೂಡಲೇ ಬ್ರಷ್ ತೊಳೆದು, ಬರೀ ನೀರಿನಿಂದ ಕೆಳ ಅಂಚನ್ನು ಕರಗಿಸಿ. ಮೇಲೆ ಚೂಪು ಅಂಚು, ಕೆಳಗೆ ಏನೂ ಇಲ್ಲ. ಕಣಿವೆಯಲ್ಲಿ ಮಂಜು ನಿಂತಿರುವುದು ಹೀಗೆಯೇ ಬರುತ್ತದೆ, ಬಿಳಿ ಬಣ್ಣ ಬೇಕಿಲ್ಲ.

ಪೂರ್ತಿ ಒಣಗಿದ ಮೇಲೆ ಮುಂದಿನ ಸಾಲು. ಅದೇ ಮಿಶ್ರಣಕ್ಕೆ ನೀರು ಕಡಿಮೆ ಮಾಡಿ, ಓಕರ್ ಒಂದು ಚೂರು ಸೇರಿಸಿ. ಮೂರನೆಯದಕ್ಕೆ ಇನ್ನೂ ಗಾಢ, ಹಸಿರು ಈಗ ಶುರುವಾಗಲಿ. ಒಂದು ಸಾಲಿಗೂ ಮುಂದಿನ ಸಾಲಿಗೂ ಇರುವ ಅಂತರ ಒಂದೇ ಸಮ ಇರಬಾರದು. ಎರಡು ಸಾಲು ಹತ್ತಿರ ಹತ್ತಿರ ಬರಲಿ, ನಡುವೆ ಒಂದು ಕಡೆ ಅಗಲವಾದ ಖಾಲಿ ಮಂಜು ಇರಲಿ. ಸಮ ಅಂತರದಲ್ಲಿ ಇಟ್ಟರೆ ಗುಡ್ಡೆ ಮೆಟ್ಟಿಲಿನ ಹಾಗೆ ಕಾಣುತ್ತದೆ.

ಬೆಂಗಳೂರಿಗೆ ಹೋದಾಗ ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯಾದ ಚಿತ್ರಕಾರ ನಿಕೊಲಸ್ ರೋರಿಕ್ ಅವರ ಹಿಮಾಲಯದ ಚಿತ್ರಗಳನ್ನು ನೋಡಿ ಬನ್ನಿ. ಅವರು ಬಳಸಿದ್ದು ಟೆಂಪೆರಾ, ನಮ್ಮ ಜಲವರ್ಣಕ್ಕಿಂತ ಬೇರೆ. ಆದರೂ ಒಂದು ಶಿಖರವನ್ನು ಎಷ್ಟು ಕಡಿಮೆ ವಿವರದಲ್ಲಿ ನಿಲ್ಲಿಸಬಹುದು ಅನ್ನುವುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಎದುರಿಗೆ ಹತ್ತು ನಿಮಿಷ ನಿಲ್ಲಿ.

ಮುಂದಿನ ನೆಲ

ಇಲ್ಲಿ ಮಾತ್ರ ವಿವರ. ಹಸಿರಿಗೆ ಲೆಮನ್ ಯೆಲ್ಲೋ ಮತ್ತು ಅಲ್ಟ್ರಾಮರೀನ್ ಕಲಸಿ, ಪ್ರತಿ ಸಲ ಸಿಯೆನಾ ಮುಟ್ಟಿಸಿ. ಸಿಯೆನಾ ಇಲ್ಲದ ಹಸಿರು ಪ್ಲಾಸ್ಟಿಕ್ ಎಲೆಯ ಹಾಗೆ ಕಿರುಚುತ್ತದೆ. ಪಾರೆಗೆ ಗಟ್ಟಿ ಬೂದು ಬಣ್ಣ ತೆಗೆದು, ಬ್ರಷ್ಷನ್ನು ಬಟ್ಟೆಗೆ ಒರಸಿ ಅರೆ ಒಣಗಿಸಿ, ಮಲಗಿಸಿ ಹಿಡಿದು ಎಳೆಯಿರಿ. ಕಾಗದದ ತರಿಗೆ ಮಾತ್ರ ಬಣ್ಣ ತಾಗಿ ಮುರಕಲ್ಲಿನ ತೂತು ತಾನಾಗಿ ಬರುತ್ತದೆ. ಅದರ ಮೇಲೆ ಎರಡು ಕಡೆ ಬರೀ ಸಿಯೆನಾ ಇಡಿ, ಸಾಕು.

ಹುಲ್ಲಿಗೆ ಕಾಲ ನೋಡಿ. ಮಳೆಗಾಲದಲ್ಲಿ ಎಳೆ ಹಸಿರು. ಓಣಂ ಹೊತ್ತಿಗೆ ಪಾರೆಯ ನೀರು ನಿಲ್ಲುವ ಕಡೆ ಕಾಕ್ಕಪ್ಪೂ ಎಂಬ ಪುಟ್ಟ ಹೂ ಅರಳಿ ನೆಲವೇ ನೀಲಿಯಾಗಿರುತ್ತದೆ. ಧನು ಮಾಸ ಕಳೆದರೆ ಮುಳಿ ಹುಲ್ಲು ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ರಿಗ್ಗರ್ ಬ್ರಷ್‌ನಿಂದ ಹುಲ್ಲನ್ನು ಬುಡದಿಂದ ತುದಿಗೆ ಎಳೆಯಿರಿ, ಕೊನೆಗೆ ಕೈ ಎತ್ತಿಬಿಡಿ. ಎಲ್ಲ ಎಳೆಗಳೂ ಅಂದಿನ ಗಾಳಿ ಬೀಸಿದ ಕಡೆಗೇ ವಾಲಲಿ. ಟಿಪ್ಪಣಿಯಲ್ಲಿ ಗಾಳಿ ಬರೆದಿಟ್ಟದ್ದು ಇದಕ್ಕೇ. ಇಡೀ ಅಡಿಭಾಗಕ್ಕೆ ಹುಲ್ಲು ತುಂಬಿಸಬೇಡಿ. ಮೂರು ಕಡೆ ಬಿಡಿಸಿದರೆ ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಸಿಕೊಳ್ಳುತ್ತದೆ.

ತಪ್ಪಿದರೆ

ದೂರದ ಗುಡ್ಡೆ ಗಾಢವಾಗಿಬಿಟ್ಟರೆ ಗಾಬರಿ ಬೇಡ. ಒಣಗಿದ ಮೇಲೆ ಶುದ್ಧ ನೀರಿನ ಬ್ರಷ್‌ನಿಂದ ಒದ್ದೆ ಮಾಡಿ, ಟಿಶ್ಯೂ ಪೇಪರ್ ಒತ್ತಿ ಎತ್ತಿ. ಉಜ್ಜಬಾರದು. ಹತ್ತಿಯ ಕಾಗದವಾದರೆ ಎರಡು ಮೂರು ಸಲ ತಾಳಿಕೊಳ್ಳುತ್ತದೆ. ಅಲಿಜರಿನ್ ಸೇರಿದ್ದರೆ ಗುಲಾಬಿ ಕಲೆ ಸ್ವಲ್ಪ ಉಳಿಯುತ್ತದೆ. ಆಗ ಎತ್ತುವುದನ್ನು ಬಿಟ್ಟು ಮುಂದಿನ ಸಾಲುಗಳನ್ನು ಇನ್ನಷ್ಟು ಗಾಢ ಮಾಡಿ, ಹಿಂದಿನದು ತಾನಾಗಿ ದೂರ ಹೋಗುತ್ತದೆ. ಅಮ್ಮ ಅಂದು ನೋಡಿದ ಚಿತ್ರದ ಘಟ್ಟವನ್ನು ನಾನು ಹೀಗೆಯೇ ಹಿಂದಕ್ಕೆ ಕಳಿಸಿದ್ದು.

ಬಣ್ಣ ಹಚ್ಚಿದ ಕಡೆ ಒತ್ತುಕಾಗದದ ಹಾಗೆ ಹೀರಿಕೊಂಡು ಚುಕ್ಕೆ ಚುಕ್ಕೆಯಾದರೆ ಅದು ನಿಮ್ಮ ಕೈಯ ತಪ್ಪಲ್ಲ. ತೇವ ಕುಡಿದು ಕಾಗದದ ಮೇಲಿನ ಅಂಟಿನ ಲೇಪ ಹಾಳಾಗಿದೆ. ಒಂದು ಮಳೆಗಾಲ ಕಪಾಟಿನಲ್ಲಿ ಬಿಚ್ಚಿಟ್ಟ ಹತ್ತು ಹಾಳೆ ನನಗೆ ಹೀಗೇ ಹೋಯಿತು. ಈಗ ಇಡವ ತಿಂಗಳು (ಮೇ-ಜೂನ್) ಮುಗಿಯುವ ಮೊದಲೇ ಹಾಳೆಗಳನ್ನು ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಟ್ರಂಕಿನಲ್ಲಿ ಇಡುತ್ತೇನೆ.

ಟೇಪು ತೆಗೆಯುವುದು ಹಾಳೆ ಪೂರ್ತಿ ಒಣಗಿದ ಮೇಲೆ, ಚಿತ್ರದಿಂದ ಹೊರಗಡೆಗೆ ಓರೆಯಾಗಿ ಎಳೆದು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಜಾಗ, ತಾರೀಕು, ಹೊತ್ತು ಬರೆಯಿರಿ. ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ಮೌಂಟ್ (ದಪ್ಪ ರಟ್ಟಿನ ಅಂಚು) ಇಡಲು ಹೇಳಿ, ತಾಗಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಪಡುವಣದ ಗೋಡೆಗೆ ಮಳೆ ಹೊಡೆಯುತ್ತದೆ, ಅಲ್ಲಿ ತೂಗಬೇಡಿ. ಬೇರೆ ಗೋಡೆಯಾದರೂ ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲಿ.